ಅಳಿಸದೆ ಉಳಿದ ಎಂಟು ಸಾಲು

"ಕೈಗೆ ಬೇಡಿ ಬೇಡ," ಎಂದ ಪಟ್ಟಣದಿಂದ ಬಂದ ಪತ್ತೇದಾರ ಆಸ್ಲಾಕ್.

"ಹಾಕಿದ್ರೂ ಒಂದೇ, ಬಿಟ್ರೂ ಒಂದೇ. ಅವಳಿಗೆಲ್ಲಿ ಗೊತ್ತಾಗ್ತದೆ?" ಎನ್ನುತ್ತ ಟೋರ್ಗೇರ್ ಹುಡುಗಿಯ ತೋಳನ್ನು ಕೋಟಿನೊಳಗೆ ತೂರಿಸಿದ, ಅಂಗಡಿಯವನು ಬೊಂಬೆಗೆ ಅಂಗಿ ತೊಡಿಸುವ ಹಾಗೆ. ಒಂದು ತೋಳು ಒಳಗೆ ಹೋಯಿತು. ಇನ್ನೊಂದು, ಅವನು ಎತ್ತಿದಷ್ಟೇ ಎತ್ತರದಲ್ಲಿ ಗಾಳಿಯಲ್ಲಿ ನಿಂತಿತು. ಅವನು ಹಿಡಿದು ಇಳಿಸುವವರೆಗೂ ಅದು ಇಳಿಯಲಿಲ್ಲ.

ಆಸ್ಲಾಕ್ ಕಿಟಕಿಯ ಕಡೆ ತಿರುಗಿದ. ಹೊರಗೆ ಮಾರ್ಚ್ ತಿಂಗಳ ಕೊಳಕು ಹಿಮ.

ಗುರುವಾರ ಬೆಳಿಗ್ಗೆ ಎಂಟಕ್ಕೆ ಹಾಲ್ವರ್ ಸ್ಕ್ರೇದೆ ಮೇಷ್ಟ್ರು ಇದೇ ಕೋಣೆಯ ಓದುಮೇಜಿನ ಮೇಲೆ ಕೆನ್ನೆಯಿಟ್ಟು ಸತ್ತಿದ್ದರು. ಮೂರು ಹೆಜ್ಜೆ ಆಚೆ ಅವರ ಶಿಷ್ಯೆ ಯೋರುನ್ ಕಂಬದಂತೆ ನಿಂತಿದ್ದಳು. ಅಂದಿನಿಂದ ಅವಳ ಬಾಯಿಂದ ಒಂದು ಮಾತು ಹೊರಟಿಲ್ಲ.

ಇವತ್ತು ಶನಿವಾರ. ಗಂಟೆ ಒಂದು. ಎರಡಕ್ಕೆ ಪಟ್ಟಣದ ಹುಚ್ಚಾಸ್ಪತ್ರೆಯ ಕಾರು ಬರುತ್ತದೆ.

"ಅಲ್ಲಿ ಈಗ ಹೊಸ ಡಾಕ್ಟರು ಇದ್ದಾರಂತೆ," ಎಂದ ಟೋರ್ಗೇರ್. ಕಣಿವೆಯ ಪೊಲೀಸ್ ಠಾಣೆಗೆ ಹದಿನೆಂಟು ವರ್ಷದಿಂದ ಅವನೇ ಯಜಮಾನ. ದಪ್ಪ ದೇಹ, ಸಣ್ಣ ಕಣ್ಣು, ಕೆಟ್ಟವನಲ್ಲ. "ಮಾತಾಡದೇ ಇದ್ದೋರನ್ನ ಮಾತಾಡಿಸ್ತಾರಂತೆ. ಗಲಾಟೆ ಮಾಡೋರನ್ನ ಸುಮ್ಮನಾಗಿಸ್ತಾರಂತೆ. ಎರಡಕ್ಕೂ ಒಂದೇ ಸಲಾಕೆ."

ಆಸ್ಲಾಕ್‌ಗೆ ಆ ಸಲಾಕೆ ಗೊತ್ತಿತ್ತು. ಎರಡು ವರ್ಷದ ಹಿಂದೆ ಅವನ ಅಣ್ಣನನ್ನು ಅಂಥದೇ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಕಣ್ಣಿನ ಮೇಲಿನಿಂದ ಮಿದುಳಿನೊಳಗೆ ತೂರಿಸುತ್ತಾರೆ, ಹತ್ತು ನಿಮಿಷದ ಕೆಲಸ. ಈಗ ಅಣ್ಣ ಸೌದೆ ಒಡೆಯುತ್ತಾನೆ. ಚೆನ್ನಾಗಿಯೇ ಒಡೆಯುತ್ತಾನೆ. ಸಾಕು ಎಂದು ಯಾರಾದರೂ ಹೇಳುವವರೆಗೆ ಒಡೆಯುತ್ತಲೇ ಇರುತ್ತಾನೆ. ಆ ಆಸ್ಪತ್ರೆಯ ಕಾಗದಕ್ಕೆ ಮನೆಯವರ ಪರವಾಗಿ ಸಹಿ ಹಾಕಿದವನು ಆಸ್ಲಾಕ್.

ಯೋರುನ್‌ಳ ಕಾಗದದಲ್ಲೂ ಅವನದೇ ಸಹಿ ಬೇಕಿತ್ತು. ಅದು ಅವನ ಜೇಬಿನಲ್ಲಿತ್ತು. ಇನ್ನೂ ಖಾಲಿ.

"ಕುಡೀರಿ, ತಣ್ಣಗಾದ್ರೆ ಕಲಗಚ್ಚು," ಎಂದು ಗುನ್ವೋರಮ್ಮ ಅವನ ಮುಂದೆ ಕಾಫಿ ಬಟ್ಟಲು ಇಟ್ಟಳು. ಅರವತ್ತು ದಾಟಿದ ಹೆಂಗಸು. ಈ ಮನೆ ಪಾದ್ರಿಮನೆಯಾಗಿದ್ದ ಕಾಲದಿಂದ ಇಲ್ಲಿಯ ಅಡುಗೆ, ಹಸು, ಒಲೆ ಎಲ್ಲ ಅವಳದೇ. ಗುರುವಾರ ಎಂಟರವರೆಗೆ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದೆ ಎಂದು ಹೇಳಿಕೆ ಕೊಟ್ಟಿದ್ದಳು. ಕಾಫಿಗೆ ಇನ್ನೂ ಪಡಿತರ ಚೀಟಿ ನಡೆಯುತ್ತಿದ್ದ ಕಾಲ. ಕೊಟ್ಟ ಬಟ್ಟಲನ್ನು ಬೇಡ ಎನ್ನುವವನು ಆ ಕಣಿವೆಯಲ್ಲಿ ಹುಟ್ಟಿರಲಿಲ್ಲ.

ಆಸ್ಲಾಕ್ ಸಕ್ಕರೆಯ ಗಟ್ಟಿಯನ್ನು ಹಲ್ಲಿನ ನಡುವೆ ಹಿಡಿದು ಕುಡಿದ.

"ಪಾಪದ ಕೂಸು," ಎಂದಳು ಗುನ್ವೋರಮ್ಮ, ಯೋರುನ್‌ಳ ಕೋಟಿನ ಗುಂಡಿ ಹಾಕುತ್ತ. "ಸಾಹೇಬ್ರೇ, ಒಂದು ಮಾತು. ಇವಳನ್ನ ಕೆಣಕಬೇಡಿ. ಅರ್ಧಕ್ಕೆ ನಿಂತದ್ದನ್ನ ಮುಟ್ಟಬಾರ್ದು. ಮುಟ್ಟಿದೋನ ನಾಲಿಗೆಯೇ ಸೇದಿಹೋಗ್ತದೆ ಅಂತ ನಮ್ಮಜ್ಜಿ ಹೇಳೋಳು."

"ನಿಮ್ಮಜ್ಜಿ ಪೊಲೀಸ್ನೋರಿಗೂ ಹೇಳಿದ್ಲಾ ಇದನ್ನ?" ಟೋರ್ಗೇರ್ ನಕ್ಕ.

"ಪೊಲೀಸ್ನೋರಿಗೆ ನಾಲಿಗೆ ಹೋದ್ರೂ ನಷ್ಟವಿಲ್ಲ, ಟೋರ್ಗೇರ್. ಹೊಟ್ಟೆ ಇದ್ರೆ ಸಾಕು," ಎಂದು ಅವಳು ಅಡುಗೆಮನೆಗೆ ಹೋದಳು.

ಆಸ್ಲಾಕ್ ನಗಲಿಲ್ಲ. ಅವನ ಕಣ್ಣು ಮೇಜಿನ ಮೇಲಿತ್ತು. ಠಾಣೆಯಲ್ಲಿ ಗೋಣಿಚೀಲದೊಳಗೆ ಮೊಹರು ಹಾಕಿಟ್ಟಿದ್ದ ಕರಿಹೊತ್ತಿಗೆ, ಮೇಷ್ಟ್ರ ಮಾಟದ ಪುಸ್ತಕ, ಅವನ ಕೈಗೆ ಸಿಕ್ಕಿದ್ದು ಇವತ್ತು ಬೆಳಿಗ್ಗೆ. ಅದನ್ನು ಮೇಷ್ಟ್ರು ಸತ್ತಾಗ ತೆರೆದಿದ್ದ ಪುಟಕ್ಕೇ ತೆರೆದಿಟ್ಟಿದ್ದ. ಕಳ್ಳನನ್ನು ಮಂತ್ರದಿಂದ ಕಟ್ಟಿಹಾಕುವ ಪುಟ. ಕಂದಿದ ಶಾಯಿ, ಹಳೆಯ ಕಾಲದ ಬಾಗು ಅಕ್ಷರ, ಇಪ್ಪತ್ನಾಲ್ಕು ಸಾಲು.

ಊರಿನವರು ಈ ಮನೆಯನ್ನು ಕರಿಶಾಲೆ ಎನ್ನುತ್ತಿದ್ದರು. ಮೇಷ್ಟ್ರು ಪ್ರತಿ ಚಳಿಗಾಲ ನಾಲ್ಕೈದು ಜನರನ್ನು ಸೇರಿಸಿ ಹಳೆಯ ಮಾಟಮಂತ್ರದ ವಿದ್ಯೆ ಕಲಿಸುತ್ತಿದ್ದರು. ಬೆಳಿಗ್ಗೆ ಹಳೆಯ ಬರಹ ಓದುವುದು, ಮಧ್ಯಾಹ್ನ ಕೈಕೆಲಸ: ಕಾದ ಸೀಸವನ್ನು ನೀರಿಗೆ ಸುರಿದು ಅದರ ಆಕಾರದಲ್ಲಿ ಕಾಯಿಲೆ ಹುಡುಕುವುದು, ಮರದ ತುಂಡಿನ ಮೇಲೆ ಕಟ್ಟುಗುರುತು ಕೆತ್ತುವುದು. "ನಂಬಬೇಕಾಗಿಲ್ಲ, ಕೈಗೆ ಬರಬೇಕು," ಎನ್ನುತ್ತಿದ್ದರಂತೆ. ಅವರು ಸತ್ತ ಮೇಲೆ ಇಬ್ಬರು ಶಿಷ್ಯರು ಮೊದಲ ಬಸ್ಸಿಗೇ ಹೊರಟುಹೋದರು. ಉಳಿದವರು ಇಬ್ಬರು. ಮಾತಾಡದ ಯೋರುನ್, ಮತ್ತು ಮಾತು ನಿಲ್ಲಿಸದ ಸ್ಟೈನಾರ್.

"ನಿಮ್ಮ ಕೇಸು ಸರಳ, ಸಾಹೇಬ್ರೇ," ಟೋರ್ಗೇರ್ ಬೆಂಚಿನ ಮೇಲೆ ಕುಸಿದ. "ವಿಷದ ಬೇರು ಅವಳ ಪೆಟ್ಟಿಗೇಲಿ ಸಿಕ್ತು. ಏಳೂವರೆಗೆ ಅವಳು ಮೇಷ್ಟ್ರ ಹತ್ರ ಜಗಳ ಆಡಿದ್ದನ್ನ ಸ್ಟೈನಾರ್ ಕೇಳಿದ. ಎಂಟಕ್ಕೆ ಮುದುಕ ಸತ್ತ. ಆಮೇಲೆ ಇವಳಿಗೆ ಮಾತು ನಿಂತೋಯ್ತು. ನಿಲ್ಲದೆ ಏನು? ನೇಣಿಗಿಂತ ಮೌನ ಮೇಲು."

ಬೇರು ನಿಜ. ಹಳ್ಳದಂಚಿನಲ್ಲಿ ಬೆಳೆಯುವ ಮುಸುಕುಹೂವಿನ ಗಿಡದ ಬೇರು. ಪಾಠಕ್ಕೆಂದು ಅವಳೇ ಒಣಗಿಸಿಟ್ಟಿದ್ದು. ಪೆಟ್ಟಿಗೆಗೆ ಬೀಗವಿರಲಿಲ್ಲ. ಕಣಿವೆಯ ಡಾಕ್ಟರು ಬರೆದ ವರದಿಯನ್ನು ಆಸ್ಲಾಕ್ ಬಾಯಿಪಾಠ ಮಾಡಿಕೊಂಡಿದ್ದ. ಮೊದಲು ತುಟಿ ಜುಮುಗುಡುತ್ತದೆ. ಆಮೇಲೆ ನಾಲಗೆ ಮರದ ತುಂಡು. ಆಮೇಲೆ ಬೆರಳು. ಕೊನೆಗೆ ಎದೆ.

"ಯಾವುದರಲ್ಲಿ ಕುಡಿಸಿದಳು?" ಎಂದು ಕೇಳಿದ ಆಸ್ಲಾಕ್.

"ಆ?"

"ವಿಷ. ಮೇಜಿನ ಮೇಲೆ ಬಟ್ಟಲಿರಲಿಲ್ಲ, ಲೋಟ ಇರಲಿಲ್ಲ. ನಿಮ್ಮ ಪಟ್ಟೀಲೇ ಇಲ್ಲ. ಇಲ್ಲಿ ನೋಡಿ." ಶಾಯಿ ಹೀರುವ ಕಾಗದದ ಮೂಲೆಯಲ್ಲಿ ಕಂದು ಬಣ್ಣದ ಒಂದು ಉಂಗುರ ಒಣಗಿತ್ತು. "ಕಾಫಿ ಬಟ್ಟಲು ಇಟ್ಟ ಗುರುತು. ಬಟ್ಟಲು ಎಲ್ಲಿ?"

"ಯಾರೋ ತೊಳೆದಿಟ್ಟಿರ್ತಾರೆ."

"ಹೆಣ ಬಿದ್ದಿರೋ ಕೋಣೇಲಿ ಮೊದಲು ಪಾತ್ರೆ ತೊಳೆಯೋರು ಯಾರು?"

"ಇವನನ್ನೇ ಕೇಳಿ," ಎಂದು ಟೋರ್ಗೇರ್ ಬಾಗಿಲ ಕಡೆ ಬೆರಳು ತೋರಿಸಿದ. ಅಲ್ಲಿ ಸ್ಟೈನಾರ್ ನಿಂತಿದ್ದ. ತೆಳ್ಳನೆಯವನು, ವಿಶ್ವವಿದ್ಯಾಲಯದವನು, ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿದವನು. "ಬಾರಪ್ಪಾ ಪಂಡಿತ," ಎಂದ ಟೋರ್ಗೇರ್. "ಪಟ್ಟಣದ ಸಾಹೇಬ್ರಿಗೆ ಪಾಠ ಬೇಕಂತೆ."

ಆಸ್ಲಾಕ್ ಜೇಬಿನಿಂದ ಸಣ್ಣ ಲಕೋಟೆ ತೆಗೆದು ಮೇಜಿನ ಮೇಲೆ ಕೊಡವಿದ. ಗೋಲಿ ಗಾತ್ರದ ಬ್ರೆಡ್ಡಿನ ಉಂಡೆ ಉರುಳಿತು. ಕಲ್ಲಿನಂತೆ ಒಣಗಿತ್ತು.

"ಸಾಯುವಾಗ ಮೇಷ್ಟ್ರ ಬೆರಳಿನ ನಡುವೆ ಇತ್ತು ಇದು. 'ಉಪಾಹಾರ ಸೇವಿಸುತ್ತಿದ್ದಾಗ' ಅಂತ ಟೋರ್ಗೇರ್ ಬರೆದಿದ್ದಾರೆ."

"ಮತ್ತಿನ್ನೇನು ಬರೀಲಿ? ಬ್ರೆಡ್ಡು ಇನ್ಯಾತಕ್ಕೆ ಇರೋದು?"

"ಬೆಣ್ಣೆ ಇಲ್ಲ. ಚೀಸಿಲ್ಲ. ಬಣ್ಣ ನೋಡಿ. ಬೂದಿ ಬಣ್ಣ." ಆಸ್ಲಾಕ್ ಸ್ಟೈನಾರ್ ಕಡೆ ತಿರುಗಿದ. "ನಿಮ್ಮ ಶಾಲೇಲಿ ಬ್ರೆಡ್ಡಿನ ತಿರುಳಿಂದ ಏನು ಮಾಡ್ತೀರಿ?"

ಸ್ಟೈನಾರ್ ಉಂಡೆಯನ್ನು ನೋಡಿದ.

"ಅಳಿಸ್ತೀವಿ," ಎಂದ.

"ಏನನ್ನ?"

"ಚುಕ್ಕೆಗಳನ್ನ. ಕರಿಹೊತ್ತಿಗೇಲಿ ಒಂದು ಪದ ಬಿಟ್ಟು ಓದೋದು ಓದದೇ ಇರೋದಕ್ಕಿಂತ ಕೆಟ್ಟದ್ದು ಅನ್ನೋರು ಮೇಷ್ಟ್ರು. ಅದಕ್ಕೇ ಓದಿದ ಪ್ರತಿ ಪದದ ಕೆಳಗೆ ಪೆನ್ಸಿಲಿನ ಚುಕ್ಕೆ ಇಡ್ತೀವಿ. ಒಂದು ಪದಕ್ಕೆ ಒಂದು ಉಸಿರು. ಪುಟಕ್ಕೆ ಒಂದು ಗಂಟೆ ಹಿಡೀತದೆ."

"ಅಳಿಸೋದು ಯಾವಾಗ?"

"ಪಾಠ ಮುಗಿದ ಮೇಲೆ, ಒಟ್ಟಿಗೇ. ಒಂದೇ ಸಲ ಒರೆಸಿಬಿಡ್ತೀವಿ." ಅವನು ತಡೆದ. "ಇಲ್ಲಾ... ಒಂದೊಂದಾಗಿ. ಯಾರಿಗಾದ್ರೂ ಓದಂಟು ಹಿಡಿದಾಗ."

ಟೋರ್ಗೇರ್‌ನ ನಗು ಅರ್ಧಕ್ಕೆ ನಿಂತಿತು. ಕಣಿವೆಯಲ್ಲಿ ಹುಟ್ಟಿದವನಿಗೆ ಆ ಪದವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಆಸ್ಲಾಕ್‌ಗೂ ಗೊತ್ತಿತ್ತು, ಅವನ ಅಜ್ಜಿಯ ಊರಲ್ಲೂ ಹೇಳುತ್ತಿದ್ದರು. ಕರಿಹೊತ್ತಿಗೆ ಓದುತ್ತಿರುವಾಗ ಓದುವವನು ಬೆದರಿದರೆ ಓದು ಅವನಿಗೇ ಅಂಟಿಕೊಳ್ಳುತ್ತದೆ. ಕೈಕಾಲು, ಬಾಯಿ ಎಲ್ಲ ಆ ಪುಟದಲ್ಲಿ ಸಿಕ್ಕಿಕೊಳ್ಳುತ್ತವೆ. ಬಿಡಿಸಬೇಕಾದರೆ ಇನ್ನೊಬ್ಬರು ಅದೇ ಪುಟವನ್ನು ಹಿಂದಿನಿಂದ ಓದಬೇಕು. ಕೊನೆಯ ಪದದಿಂದ ಮೊದಲ ಪದದವರೆಗೆ.

"ಹಿಂದಿನಿಂದ ಓದ್ತಾ, ಒಂದೊಂದೇ ಚುಕ್ಕೆ ಅಳಿಸ್ತಾ ಬರ್ತೀರಿ. ಅಲ್ವಾ?"

"ಹೌದು. ಆದ್ರೆ ಅದು ಬರೀ ಪಾಠ. ಯಾರಿಗೂ ಯಾವತ್ತೂ ಹಿಡಿದಿರಲಿಲ್ಲ."

"ಬನ್ನಿ ಇಲ್ಲಿ, ಇಬ್ಬರೂ."

ಆಸ್ಲಾಕ್ ಹೊತ್ತಿಗೆಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದ. ಮೇಲಿನ ಎಂಟು ಸಾಲುಗಳ ಕೆಳಗೆ ಪೆನ್ಸಿಲಿನ ಚುಕ್ಕೆಗಳು, ಇರುವೆಯ ಸಾಲಿನ ಹಾಗೆ. ಒಂಬತ್ತನೆಯ ಸಾಲಿನಿಂದ ಕೆಳಗೆ ಏನೂ ಇಲ್ಲ.

"ಗೊತ್ತು," ಎಂದ ಟೋರ್ಗೇರ್. "ಎಂಟು ಸಾಲು ಓದಿ ನಿಲ್ಲಿಸಿದ್ದಾಳೆ."

"ಬೆರಳು ಆಡಿಸಿ. ಕೆಳಗಿನ ಸಾಲುಗಳ ಮೇಲೆ."

ಟೋರ್ಗೇರ್ ತನ್ನ ದಪ್ಪ ತೋರುಬೆರಳನ್ನು ಆಡಿಸಿದ. ಇನ್ನೊಂದು ಸಲ ಆಡಿಸಿದ.

"ಗುಳಿ ಗುಳಿ ಇದೆ," ಎಂದ ಮೆಲ್ಲಗೆ.

"ಚುಕ್ಕೆ ಇಟ್ಟು ಅಳಿಸಿದ ಗುಳಿ. ಕೊನೆಯ ಪದದವರೆಗೂ ಇದೆ. ಮೊದಲನೇ ಸಾಲಿನ ಚುಕ್ಕೆ ಸೂಜಿಮೊನೆ, ಎಂಟನೇದು ದಪ್ಪ, ಕೆಳಗಿನ ಗುಳಿಗಳು ಇನ್ನೂ ಅಗಲ. ಪೆನ್ಸಿಲ್ ಸವೀತಾ ಹೋಗಿದೆ. ಅಂದ್ರೆ ಪುಟ ಪೂರ್ತಿ ಓದಿದಾಳೆ. ಆಮೇಲೆ ಯಾರೋ ಕೆಳಗಿನಿಂದ ಹದಿನಾರು ಸಾಲು ಅಳಿಸಿದಾರೆ. ಹೊತ್ತಿಗೆಯ ಹೊಲಿಗೇಲಿ ಬ್ರೆಡ್ಡಿನ ಪುಡಿ ಇದೆ, ನೋಡಿ." ಆಸ್ಲಾಕ್ ಉಂಡೆಯನ್ನು ಎತ್ತಿ ಹಿಡಿದ. "ಮೇಷ್ಟ್ರು ತಿಂಡಿ ತಿಂತಾ ಇರಲಿಲ್ಲ, ಟೋರ್ಗೇರ್. ಈ ಹುಡುಗೀನ ಬಿಡಿಸ್ತಾ ಇದ್ರು. ಎಂಟು ಸಾಲು ಉಳಿದಿದ್ದಾಗ ಸತ್ತರು."

ಒಲೆಯೊಳಗೆ ಬರ್ಚ್ ಸೌದೆ ಸಿಡಿಯಿತು. ಅಡುಗೆಮನೆಯಲ್ಲಿ ಕಾಫಿ ಬೀಜ ಅರೆಯುವ ಸದ್ದು ನಡೆದೇ ಇತ್ತು, ಈಗ ನಿಂತಿತು.

"ಹಾಗಾದ್ರೆ..." ಎಂದ ಟೋರ್ಗೇರ್.

"ಹಾಗಾದ್ರೆ ಮೇಷ್ಟ್ರು ಸತ್ತ ಮೇಲೆ ಇವಳ ಮಾತು ನಿಂತದ್ದಲ್ಲ. ಇವಳ ಮಾತು ನಿಂತ ಮೇಲೆ ಅವರು ಸತ್ತದ್ದು. ಪುಟಕ್ಕೆ ಒಂದು ಗಂಟೆ ಅಂದ್ರೆ ಹದಿನಾರು ಸಾಲಿಗೆ ನಲವತ್ತು ನಿಮಿಷ. ಎಂಟಕ್ಕೆ ಸತ್ತವರು ಏಳೂ ಇಪ್ಪತ್ತಕ್ಕೆ ಶುರು ಮಾಡಿರಬೇಕು. ಆಗಲೇ ಇವಳು ಹೀಗೇ ನಿಂತಿದ್ದಳು." ಆಸ್ಲಾಕ್ ನಿಧಾನವಾಗಿ ತಿರುಗಿದ. "ಸ್ಟೈನಾರ್, ಏಳೂವರೆಗೆ ನೀನು ಕೇಳಿದ ಜಗಳ ಯಾರದ್ದು?"

ಸ್ಟೈನಾರ್ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ.

"ನಾನು... ಮೆಟ್ಟಿಲ ಹತ್ರ ಇದ್ದೆ. ಬಾಗಿಲು ಹಾಕಿತ್ತು."

"ಮೊನ್ನೆ 'ಯೋರುನ್ ಜಗಳವಾಡುತ್ತಿದ್ದಳು' ಅಂತ ಸಹಿ ಹಾಕಿದೀಯ."

"ಹೆಂಗಸಿನ ಧ್ವನಿ ಕೇಳಿಸ್ತು."

"ಮಾತು ನಿಂತವಳ ಧ್ವನಿ?"

"ಹೆಂಗಸಿನ ಧ್ವನೀನೇ! ಆಣೆ ಮಾಡಿ ಹೇಳ್ತೀನಿ."

"ಯಾರ ಮೇಲೆ ಆಣೆ? ನಿಮ್ಮ ಕರಿಹೊತ್ತಿಗೆ ಮೇಲಾ, ಇಗರ್ಜಿಯ ಪುಸ್ತಕದ ಮೇಲಾ?" ಆಸ್ಲಾಕ್ ಒಂದು ಹೆಜ್ಜೆ ಹತ್ತಿರ ಹೋದ. "ಇನ್ನೊಂದು ಕೇಳ್ತೀನಿ. ಕಳ್ಳನನ್ನ ಕಟ್ಟೋ ಪುಟಾನೇ ಇವಳು ಯಾಕೆ ಓದಿದಳು?"

"ಜನವರೀಲಿ ಹೊತ್ತಿಗೆಯಿಂದ ಮೂರು ಹಾಳೆ ಯಾರೋ ಕೊಯ್ದುಕೊಂಡು ಹೋದ್ರು. ಪುಟ ಓದಿದ್ರೆ ಕದ್ದವನು ತಾನಾಗಿ ಹೊಸ್ತಿಲಿಗೆ ಬಂದು ನಿಲ್ತಾನೆ ಅಂತ ಮೇಷ್ಟ್ರು ಅವಳಿಗೆ ಹೇಳಿದ್ರು. ತಮಾಷೆಗೆ."

"ಬಂದು ನಿಂತ. ಅವಳು ಬೆದರಿದಳು." ಆಸ್ಲಾಕ್‌ನ ಧ್ವನಿ ಏರಲಿಲ್ಲ. "ಆ ಮೂರು ಹಾಳೆ ನಿನ್ನ ಪ್ರಬಂಧಕ್ಕೆ ಬೇಕಾಗಿತ್ತು, ಅಲ್ವಾ? ಬೇರೆ ಯಾರೂ ನೋಡದ ಮೂರು ಹಾಳೆ. ನಿನ್ನ ಹೆಸರಿನ ಕೆಳಗೆ ಅಚ್ಚಾಗಬಹುದಾಗಿತ್ತು."

"ನಾನು ನಂಬೋದೇ ಇಲ್ಲ ಇದನ್ನೆಲ್ಲ!" ಸ್ಟೈನಾರ್ ಕಿರುಚಿದ. "ನಂಬದವನು, ಮೇಷ್ಟ್ರು ಇವಳ ಬಾಯಿ ಬಿಡಿಸ್ತಾರೆ ಅಂತ ಹೆದರಿ ಯಾಕೆ ಕೊಲ್ತಾನೆ? ನೀವೇ ಹೇಳಿ! ಈ ಓದು ಕೆಲಸ ಮಾಡ್ತದೆ ಅಂತ ನಂಬಿದವರಿಗೆ ಮಾತ್ರ ಅದನ್ನ ನಿಲ್ಲಿಸೋ ಅಗತ್ಯ!"

ಹೇಳಿದ ಮೇಲೆ ಅವನಿಗೇ ತನ್ನ ಮಾತು ಅರ್ಥವಾದಂತೆ ಬಾಯಿ ಮುಚ್ಚಿದ. ಆಸ್ಲಾಕ್‌ಗೂ ಏನೋ ಚುಚ್ಚಿತು. ಬೂಟಿನೊಳಗಿನ ಸಣ್ಣ ಕಲ್ಲಿನಂತೆ. ಅಷ್ಟರಲ್ಲಿ ಕೆಳಗೆ ಗೇಟಿನ ಹತ್ತಿರ ಹಿಮದಲ್ಲಿ ಜಾರದಿರಲೆಂದು ಕಾರಿನ ಚಕ್ರಕ್ಕೆ ಕಟ್ಟಿದ ಸರಪಳಿಯ ಸದ್ದು ಕೇಳಿಸಿತು.

"ಬಂದ್ರು," ಎಂದ ಟೋರ್ಗೇರ್. ಎದ್ದು ನಿಂತ. ಟೋಪಿಯನ್ನು ಕೈಯಲ್ಲಿ ತಿರುಗಿಸಿದ. "ಸಾಹೇಬ್ರೇ, ನೀವು ಹೇಳಿದ್ದು ನಂಗೆ ಅರ್ಥ ಆಯ್ತು. ಆದ್ರೆ ಪೆನ್ಸಿಲಿನ ಗುಳಿ ತೋರಿಸಿ ಜಡ್ಜು ಹತ್ರ ಏನಂತ ಹೇಳ್ತೀರಿ? ಬ್ರೆಡ್ಡಿನ ಉಂಡೆ? ನಗ್ತಾರೆ. ಇವಳು ಬಾಯಿ ಬಿಟ್ಟು ಒಂದು ಮಾತು ಹೇಳದಿದ್ರೆ ಕಾಗದ ಕಾಗದವೇ. ನೀವು ಹಾಕದಿದ್ರೆ ಸೋಮವಾರ ನಿಮ್ಮ ಮೇಲಿನವರು ಸಹಿ ಹಾಕ್ತಾರೆ."

ಅದು ನಿಜ. ಆಸ್ಲಾಕ್ ಯೋರುನ್‌ಳನ್ನು ನೋಡಿದ. ಇಪ್ಪತ್ನಾಲ್ಕು ವರ್ಷದವಳು. ಕೋಟಿನ ಮೇಲಿನ ಗುಂಡಿಯನ್ನು ಗುನ್ವೋರಮ್ಮ ತಪ್ಪು ತೂತಿಗೆ ಹಾಕಿದ್ದಳು. ಹುಡುಗಿಯ ಕಣ್ಣು ಮೇಜಿನ ಮೇಲಿನ ಪುಟದಲ್ಲಿ ನೆಟ್ಟಿತ್ತು. ಎರಡು ದಿನದಿಂದ ಅವಳು ಗೋಡೆ ನೋಡುತ್ತಿದ್ದಳು, ನೆಲ ನೋಡುತ್ತಿದ್ದಳು. ಈಗ ಮೊದಲ ಸಲ ಏನನ್ನೋ ನಿಜವಾಗಿ ನೋಡುತ್ತಿದ್ದಳು.

ಮಂತ್ರ ಸುಳ್ಳಿರಬಹುದು. ಆದರೆ ಎಂಟು ಸಾಲಿನ ಬಾಕಿ ಅವಳ ತಲೆಯಲ್ಲಿ ನಿಜವಾಗಿತ್ತು.

"ಬ್ರೆಡ್ಡು ಕೊಡಿ," ಎಂದ ಆಸ್ಲಾಕ್.

"ಏನು?"

"ಗುನ್ವೋರಮ್ಮಾ! ಒಂದು ತುಂಡು ಬ್ರೆಡ್ಡು. ಬೆಣ್ಣೆ ಬೇಡ."

ಅಡುಗೆಮನೆಯ ಬಾಗಿಲು ತೆರೆಯಿತು. ಗುನ್ವೋರಮ್ಮ ಬ್ರೆಡ್ಡಿನ ಜೊತೆ ಇನ್ನೊಂದು ಬಟ್ಟಲು ಕಾಫಿಯನ್ನೂ ತಂದಿದ್ದಳು. ಆವಿ ಏಳುತ್ತಿತ್ತು. ಅವನ ಬಲಗೈ ಪಕ್ಕದಲ್ಲಿ, ಹೀರುಕಾಗದದ ಮೇಲೆ ಇಟ್ಟಳು.

"ಬೇಡ ಅಂದಿದ್ದೆ, ಸಾಹೇಬ್ರೇ," ಎಂದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. "ಕುಡಿದಾದ್ರೂ ಕೂತ್ಕೊಳ್ಳಿ. ಗಂಟಲು ಒಣಗ್ತದೆ."

ಅವನು ಕುಡಿದ. ಈ ಸಲ ಕಾಫಿ ಗಟ್ಟಿ, ಕಹಿ. ಪಡಿತರದ ಕಾಲದಲ್ಲಿ ಗಟ್ಟಿ ಕಾಫಿ ಎಂದರೆ ಮರ್ಯಾದೆ. ಎರಡೇ ಗುಟುಕಿಗೆ ಅರ್ಧ ಬಟ್ಟಲು ಮುಗಿಯಿತು.

"ಟೋರ್ಗೇರ್, ಅವರನ್ನ ಹೊರಗೆ ನಿಲ್ಲಿಸಿ. ಇಪ್ಪತ್ತು ನಿಮಿಷ."

"ದೇವರೇ," ಎಂದ ಟೋರ್ಗೇರ್. ಆದರೆ ಕಿಟಕಿ ತೆರೆದು ಕಾಯುವಂತೆ ಕೆಳಕ್ಕೆ ಕೂಗಿ ಹೇಳಿ, ಒಳಕ್ಕೆ ತಿರುಗಿದ. "ಬೇಲಿಯೇ ಎದ್ದು ಹೊಲ ಮೇಯ್ತು ಅಂತಾರಲ್ಲ, ಹಾಗಾಯ್ತು. ಪತ್ತೇದಾರನೇ ಮಾಟಗಾರನಾದ. ನಾನು ಇದನ್ನೆಲ್ಲ ಬರ್ಕೊಳ್ಳೋದಿಲ್ಲ, ಸಾಹೇಬ್ರೇ. ನಾನಿಲ್ಲಿ ಇರಲೇ ಇಲ್ಲ."

ಆಸ್ಲಾಕ್ ತಿರುಳನ್ನು ಬೆರಳಲ್ಲಿ ನಾದಿ ಉಂಡೆ ಮಾಡಿದ. ಎಂಟನೆಯ ಸಾಲಿನ ಕೊನೆಯ ಪದದ ಮೇಲೆ ಉಗುರಿಟ್ಟ. ಓದಿದ. ಒಂದು ಉಸಿರು. ಚುಕ್ಕೆಯನ್ನು ಅಳಿಸಿದ.

ಮೊದಮೊದಲು ನಾಚಿಕೆಯಾಯಿತು. ಪದಗಳು ತಲೆಕೆಳಗಾಗಿ ಬರುತ್ತಿದ್ದವು, ಅರ್ಥವಿಲ್ಲದೆ, ಬಾವಿಯಿಂದ ಒಂದೊಂದೇ ಕಲ್ಲು ಎತ್ತಿದ ಹಾಗೆ. ಏಳನೆಯ ಸಾಲು. ಆರನೆಯದು. ಟೋರ್ಗೇರ್ ನಿಂತಲ್ಲೇ ಟೋಪಿಯನ್ನು ಎದೆಗೆ ಒತ್ತಿಕೊಂಡಿದ್ದ, ಇಗರ್ಜಿಯಲ್ಲಿ ನಿಂತವನಂತೆ. ಸ್ಟೈನಾರ್ ಗೋಡೆಗೆ ಒರಗಿದ್ದ.

ಐದನೆಯ ಸಾಲಿನಲ್ಲಿ ಯೋರುನ್‌ಳ ಕಿರುಬೆರಳು ಅಲುಗಿತು.

ಆಸ್ಲಾಕ್ ನೋಡಿದ. ನೋಡಿಯೂ ನಿಲ್ಲಿಸಲಿಲ್ಲ. ಗಂಟಲು ಒಣಗಿತು, ಕಾಫಿಗೆ ಕೈಚಾಚಿ ಇನ್ನೊಂದು ಗುಟುಕು ಎಳೆದ.

ನಾಲ್ಕನೆಯ ಸಾಲಿಗೆ ಬರುವಾಗ ತುಟಿ ಜುಮುಗುಟ್ಟಿತು. ಚಳಿ ಎಂದುಕೊಂಡ. ಕಿಟಕಿ ತೆರೆದೇ ಇತ್ತಲ್ಲ.

ಮೂರನೆಯ ಸಾಲು. "ಮರವಾಗಲಿ," ಎಂದ. ಅಳಿಸಿದ. "ನಾಲಗೆ." ಅಳಿಸಿದ. "ಮರವಾಗಲಿ. ಕೈ."

ಆ ಪದಗಳು ಅವನ ಬಾಯಲ್ಲಿ ಸರಿಯಾಗಿ ಹೊರಳಲಿಲ್ಲ. ನಾಲಗೆ ದಪ್ಪಗಾಗಿತ್ತು, ಯಾರದೋ ನಾಲಗೆಯನ್ನು ತಂದು ತನ್ನ ಬಾಯಲ್ಲಿಟ್ಟಂತೆ. ಮುಟ್ಟಿದೋನ ನಾಲಿಗೆಯೇ ಸೇದಿಹೋಗ್ತದೆ. ಮೂವತ್ತೆಂಟು ವರ್ಷದ ಬುದ್ಧಿ ಒಂದು ಕ್ಷಣದಲ್ಲಿ ಕಳಚಿ, ಅಜ್ಜಿಯ ಒಲೆಯ ಮುಂದೆ ಕೂತ ಐದು ವರ್ಷದ ಹುಡುಗ ಅವನೊಳಗೆ ಅಳಲು ಶುರುಮಾಡಿದ. ನಿಲ್ಲಿಸು. ಹೊತ್ತಿಗೆ ಮುಚ್ಚು.

ಯೋರುನ್‌ಳ ತುಟಿ ಬಿರಿದಿತ್ತು. ಕುತ್ತಿಗೆಯ ನರ ಎದ್ದು ಕಾಣುತ್ತಿತ್ತು, ಆಳದಿಂದ ಏನನ್ನೋ ಮೇಲಕ್ಕೆ ಎಳೆಯುತ್ತಿರುವವಳಂತೆ. ಅವಳ ಕಣ್ಣು ಪುಟದ ಮೇಲಿರಲಿಲ್ಲ. ಆಸ್ಲಾಕ್‌ನ ಬಲಗೈಯ ಪಕ್ಕಕ್ಕೆ ಸರಿದಿತ್ತು.

ಅವನು ಎರಡನೆಯ ಸಾಲು ಮುಗಿಸಿದ. ಬೆರಳ ತುದಿಗೆ ಬ್ರೆಡ್ಡಿನ ಉಂಡೆಯ ಸ್ಪರ್ಶ ತಿಳಿಯುತ್ತಿರಲಿಲ್ಲ.

ಮೊದಲು ತುಟಿ. ಆಮೇಲೆ ನಾಲಗೆ. ಆಮೇಲೆ ಬೆರಳು.

ಇದು ಅಜ್ಜಿಯ ಮಾತಲ್ಲ. ಡಾಕ್ಟರ ವರದಿ.

"ಸಾಕು, ನಿಲ್ಸಿ," ಎಂದಿತು ಹಿಂದಿನಿಂದ ಒಂದು ಧ್ವನಿ. ಗುನ್ವೋರಮ್ಮನದು. ಮೆತ್ತಗೆ, ಹಸುವಿಗೆ ಹೇಳುವಂತೆ. "ಸಾಕು, ನಿಲ್ಸಿ."

ಗೋಡೆಗೆ ಒರಗಿದ್ದ ಸ್ಟೈನಾರ್ ಬೆಂಕಿ ತಗುಲಿದವನಂತೆ ನೆಟ್ಟಗಾದ. ಅವನ ಮುಖ ಬಿಳಿಚಿತ್ತು.

"ಇದೇ," ಎಂದ. "ಸಾಹೇಬ್ರೇ, ಇದೇ ಧ್ವನಿ. ಇದೇ ಮಾತು. ಗುರುವಾರ..."

ಆಸ್ಲಾಕ್‌ನ ಬೂಟಿನೊಳಗಿನ ಕಲ್ಲು ಕೊನೆಗೂ ಸಿಕ್ಕಿತು. ಅರ್ಧಕ್ಕೆ ನಿಂತದ್ದನ್ನ ಮುಟ್ಟಬಾರ್ದು. ಅವಳು ಅದನ್ನು ಹೇಳಿದ್ದು ಗುಳಿಗಳ ಮೇಲೆ ಯಾರೂ ಬೆರಳಿಡುವ ಮೊದಲು. ಹೊತ್ತಿಗೆ ಇವತ್ತು ಬೆಳಿಗ್ಗೆಯವರೆಗೆ ಗೋಣಿಚೀಲದಲ್ಲಿತ್ತು. ಎಂಟರವರೆಗೆ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದೆ ಎಂದವಳಿಗೆ, ಮುಚ್ಚಿದ ಬಾಗಿಲಿನ ಹಿಂದೆ ಮೇಷ್ಟ್ರ ಬಿಡಿಸುವ ಓದು ಅರ್ಧಕ್ಕೆ ನಿಂತದ್ದು ಹೇಗೆ ಗೊತ್ತು?

ನಂಬಿದವರಿಗೆ ಮಾತ್ರ ಅದನ್ನ ನಿಲ್ಲಿಸೋ ಅಗತ್ಯ. ಓದು ಮುಗಿದು ಹುಡುಗಿ ಬಾಯಿ ತೆರೆದರೆ ತನ್ನ ಹೆಸರೇ ಬರುತ್ತದೆ ಎಂದು ಇವಳು ನಂಬಿದ್ದಳು.

ತಿರುಗಬೇಕು, ಅವಳನ್ನು ಹಿಡಿಯಿರಿ ಎಂದು ಟೋರ್ಗೇರ್‌ಗೆ ಹೇಳಬೇಕು ಎಂದುಕೊಂಡ. ಆದರೆ ಬಾಯಲ್ಲಿ ಉಳಿದಿದ್ದ ಜೀವ ಎಷ್ಟು ಪದಕ್ಕೆ ಸಾಕಾಗುತ್ತದೋ ಅವನಿಗೆ ಗೊತ್ತಿರಲಿಲ್ಲ. ಒಂದು ಸಾಲು ಉಳಿದಿತ್ತು. ಆರು ಪದ. ಮೇಷ್ಟ್ರು ಎಂಟು ಸಾಲು ಉಳಿಸಿ ಹೋಗಿದ್ದರು.

ಅವನು ಪುಟದ ಮೇಲೆ ಬಾಗಿದ.

"ನಿಲ್ಲು," ಎಂದ. "ಕಲ್ಲಾಗಿ," ಎಂದ. "ಹೊಸ್ತಿಲಲ್ಲಿ," ಎಂದ, ಅದು ಮಾತಿಗಿಂತ ಹೆಚ್ಚಾಗಿ ತೊದಲು. ಬೆರಳಿಗೆ ಅಳಿಸುವ ಶಕ್ತಿಯಿರಲಿಲ್ಲ, ಅಂಗೈಯಿಂದ ಉಜ್ಜಿದ. "ನಿಲ್ಲು. ಕಳ್ಳನೇ."

ಪುಟದ ಮೂಲೆಯಲ್ಲಿ ಒಂದೇ ಒಂದು ಚುಕ್ಕೆ ಉಳಿದಿತ್ತು, ಸೂಜಿಮೊನೆಯಷ್ಟು.

"ನಿಲ್ಲು."

ಯೋರುನ್ ಉಸಿರೆಳೆದಳು. ನೀರಿನಾಳದಿಂದ ಮೇಲೆ ಬಂದವಳಂತೆ, ಇಡೀ ಕೋಣೆಯ ಗಾಳಿಯನ್ನೇ ಕುಡಿಯುವಂತೆ ಎಳೆದಳು. ಟೋರ್ಗೇರ್‌ನ ಕೈಯ ಟೋಪಿ ನೆಲಕ್ಕೆ ಬಿತ್ತು. ಕೆಳಗೆ ಕಾರಿನವನು ಹಾರನ್ ಒತ್ತಿದ. ಯಾರೂ ಕಿಟಕಿಯ ಕಡೆ ನೋಡಲಿಲ್ಲ.

ಎರಡು ದಿನದ ಮೇಲೆ ಬಂದ ಅವಳ ಧ್ವನಿ ತುಕ್ಕು ಹಿಡಿದ ಕೀಲಿನಂತಿತ್ತು. ಅವಳು ಕಳ್ಳನ ಹೆಸರು ಹೇಳಲಿಲ್ಲ. ಕೊಂದವರ ಹೆಸರೂ ಹೇಳಲಿಲ್ಲ.

"ಎಷ್ಟು ಕುಡಿದ್ರಿ?" ಎಂದು ಕೇಳಿದಳು.

ಆಸ್ಲಾಕ್ ತನ್ನ ಬಲಗೈಯ ಪಕ್ಕಕ್ಕೆ ನೋಡಿದ.

ಬಟ್ಟಲು ಇರಲಿಲ್ಲ. ಹೀರುಕಾಗದದ ಮೇಲೆ, ಹಳೆಯ ಉಂಗುರದ ಪಕ್ಕದಲ್ಲಿ, ಇನ್ನೂ ಒದ್ದೆಯಾಗಿದ್ದ ಇನ್ನೊಂದು ಉಂಗುರವಿತ್ತು. ಅಡುಗೆಮನೆಯಲ್ಲಿ ಯಾರೋ ನೀರು ಬಿಟ್ಟುಕೊಂಡು, ಅವಸರವಿಲ್ಲದೆ, ಪಾತ್ರೆ ತೊಳೆಯುತ್ತಿದ್ದರು.